ಔಷಧಿ ಚೀಟಿ: ಸೈಕಲ್ಲಿನ ಹೇರು

ಊರಿಗೆ ಹೊರಡುವ ಹಿಂದಿನ ರಾತ್ರಿ ನಮ್ಮೆಲ್ಲರ ಮನೆಯಲ್ಲೂ ನಡೆಯುವ ಒಂದು ಪೂಜೆ ಇದೆ. ಸೂಟ್‌ಕೇಸ್ ಹಾಲಿನ ನಡುವೆ ಬಂದು ಕೂರುತ್ತದೆ. ಕೊಕ್ಕೆ ಇರುವ ಪುಟ್ಟ ತಕ್ಕಡಿ ಕಪಾಟಿನಿಂದ ಹೊರಗೆ ಬರುತ್ತದೆ. ಒಬ್ಬರು ಉಸಿರು ಬಿಗಿಹಿಡಿದು ಎತ್ತುತ್ತಾರೆ, ಇನ್ನೊಬ್ಬರು ಬಗ್ಗಿ ಅಂಕಿ ಓದುತ್ತಾರೆ. 31.4! ಮತ್ತೆ ಬಿಚ್ಚು. ಹಾಲಿನ ಪುಡಿ ತೆಗೆಯೋಣವೇ, ಖರ್ಜೂರ ತೆಗೆಯೋಣವೇ, ಅತ್ತಿಗೆಯ ಮಿಕ್ಸಿಯನ್ನು ಕೈಚೀಲಕ್ಕೆ ಹಾಕಿದರೆ ಬಿಡುತ್ತಾರೆಯೇ ಎಂಬ ಚರ್ಚೆ ಒಂದು ಗಂಟೆ. ಕೊನೆಗೆ 29.8ಕ್ಕೆ ಬಂದು ನಿಂತಾಗ ಆಗುವ ಸಮಾಧಾನ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಹೋದ ವರ್ಷದ ಸಂಚಿಕೆಯಲ್ಲಿ ಬಿ.ಪಿ., ಶುಗರ್ ಮಾತ್ರೆಗಳನ್ನು ಊರಿಗೆ ಒಯ್ಯುವಾಗ ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ ಎಂದು ಬರೆದಿದ್ದೆ. ಓದಿದವರು ಕೆಲವರು ಆಸ್ಪತ್ರೆಯ ಕೌಂಟರಿಗೇ ಬಂದು ಮಾತಾಡಿಸಿ, ಮುಂದಿನ ಸಲ ಕೊಲೆಸ್ಟ್ರಾಲ್ ಬಗ್ಗೆ ಬರೆಯಿರಿ ಅಂದಿದ್ದರು. ಕೊಲೆಸ್ಟ್ರಾಲ್ ಎಲ್ಲೂ ಓಡಿ ಹೋಗುವುದಿಲ್ಲ, ಅದನ್ನು ಇನ್ನೊಂದು ವರ್ಷ ಬರೆಯುತ್ತೇನೆ. ಈ ಸಲವೂ ಲಗೇಜಿನ ತೂಕದ ವಿಷಯವೇ. ಆದರೆ ವಿಮಾನದ್ದಲ್ಲ, ಸೈಕಲ್ಲಿನದು.

ಕೌಂಟರಿನ ಹಿಂದೆ ನಿಂತು ದಿನಕ್ಕೆ ನೂರಾರು ಜನಕ್ಕೆ "ಸ್ವಲ್ಪ ವ್ಯಾಯಾಮ ಮಾಡಿ" ಎಂದು ಹೇಳುತ್ತಿದ್ದವನಿಗೆ ನಲವತ್ತೊಂದನೇ ವಯಸ್ಸಿನಲ್ಲಿ ತನ್ನದೇ ರಕ್ತಪರೀಕ್ಷೆಯ ಕಾಗದ ನೋಡಿ ನಾಚಿಕೆಯಾಯಿತು. ಅವತ್ತಿನಿಂದ ಸೈಕಲ್. ಮೊದಲು ಮಸ್ಕತ್ತಿನ ಕಡಲ ಬದಿಯ ರಸ್ತೆಯಲ್ಲಿ ಬೆಳಗಿನ ಹತ್ತು ಕಿಲೋಮೀಟರ್. ಆಮೇಲೆ ಶುಕ್ರವಾರಗಳಲ್ಲಿ ನಲವತ್ತು, ಐವತ್ತು. ಹೀಗೆ ಹೋಗುವಾಗ ಜೊತೆಯಾದವನು ಹಾವೇರಿ ಕಡೆಯ ಒಬ್ಬ ಹುಡುಗ. ಹುಡುಗ ಅಂದರೆ ಇಪ್ಪತ್ತೇಳು ವಯಸ್ಸು. ಎ.ಸಿ. ರಿಪೇರಿ ಕೆಲಸ. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ತಾರಸಿಯ ಮೇಲೆ ಕೂತು ಯಂತ್ರ ಬಿಚ್ಚುವವನು. ಅವನಿಗೆ ನಾನು ಅಣ್ಣ, ನನಗೆ ಅವನು ತಮ್ಮ. ಹೆಸರು ಇಲ್ಲಿ ಬೇಡ.

ನವೆಂಬರಿನ ರಾಷ್ಟ್ರೀಯ ದಿನದ ರಜೆಗೆ ವಾರಾಂತ್ಯ ಸೇರಿದಾಗ ಮಸ್ಕತ್ತಿನಿಂದ ಸೂರ್‌ವರೆಗೆ ಸೈಕಲ್ಲಿನಲ್ಲಿ ಹೋಗೋಣವೆಂದು ಇಬ್ಬರೂ ಮಾತಾಡಿಕೊಂಡೆವು. ಅಮರಾತ್ ದಾಟಿ ಗುಡ್ಡಗಳ ನಡುವೆ ಕುರಿಯಾತ್, ಅಲ್ಲಿಂದ ಕಡಲ ಬದಿಗೆ ಬಿಮ್ಮಾ, ಫಿನ್ಸ್, ತೀವಿ, ಕಲ್ಹಾತ್, ಕೊನೆಗೆ ಸೂರ್. ಕಾರಿನಲ್ಲಿ ಹೋದವರಿಗೆ ಗೊತ್ತು, ಎರಡು ಮೂರು ಗಂಟೆಯ ದಾರಿ. ಸೈಕಲ್ಲಿಗೆ ಮೂರು ದಿನ ಅಂತ ಲೆಕ್ಕ ಹಾಕಿದೆವು. ವಾಪಸ್ ಬರಲು ಪರಿಚಯದವರ ಪಿಕಪ್ ಗೊತ್ತು ಮಾಡಿದ್ದೆವು.

ಮೂರು ದಿನ ಅಂದರೆ ಟೆಂಟು, ಹಾಸಿಗೆ, ಸ್ಟೌ, ಬಟ್ಟೆ, ಹತ್ಯಾರ, ತಿಂಡಿ, ಎಲ್ಲಕ್ಕಿಂತ ಹೆಚ್ಚಾಗಿ ನೀರು. ನೀರಿನಲ್ಲಿ ಮೋಸ ಇಲ್ಲ, ಒಂದು ಲೀಟರ್ ಅಂದರೆ ಒಂದು ಕೆ.ಜಿ. ಜೊತೆಗೆ ನನ್ನದೊಂದು ಔಷಧಿ ಡಬ್ಬ. ಫಾರ್ಮಸಿಸ್ಟ್ ಪ್ರವಾಸ ಹೊರಟರೆ ಆಸ್ಪತ್ರೆಯೇ ಹೊರಡುತ್ತದೆ. ಗಾಜಿನ ಬಾಟಲಿಯಲ್ಲಿ ಆ್ಯಂಟಿಸೆಪ್ಟಿಕ್, ಕೆಮ್ಮಿನ ಸಿರಪ್ಪು, ಬ್ಯಾಂಡೇಜಿನ ಸುರುಳಿಗಳು, ಮಾತ್ರೆಗಳ ಪೂರ್ತಿ ಪೂರ್ತಿ ಪೆಟ್ಟಿಗೆಗಳು. ತೂಗಿದರೆ ಮೂರು ಕೆ.ಜಿ.

ನನ್ನ ಸೈಕಲ್ಲಿಗೆ ಮುಂದಿನ ಚಕ್ರದ ಅಕ್ಕಪಕ್ಕ ಎರಡು ಸಣ್ಣ ಚೀಲ, ಹಿಂದಿನ ಚಕ್ರದ ಅಕ್ಕಪಕ್ಕ ಎರಡು ದೊಡ್ಡ ಚೀಲ. ಅವನ ಸೈಕಲ್ಲಿಗೆ ಹಿಂದೆ ಮಾತ್ರ ಕ್ಯಾರಿಯರ್, ಎರಡು ಚೀಲ. ಹೊರಡುವ ಬೆಳಿಗ್ಗೆ ನನ್ನ ಮೊಣಕಾಲು ಸ್ವಲ್ಪ ಹಿಡಿದಿತ್ತು. ಅದನ್ನು ನಾನು ಹೇಳಿದ್ದೇ ತಡ, ಅವನು ಬಂದು ನನ್ನ ಔಷಧಿ ಡಬ್ಬ ಎತ್ತಿಕೊಂಡ. ಐದು ಲೀಟರಿನ ಎರಡು ನೀರಿನ ಕ್ಯಾನುಗಳನ್ನೂ ಎತ್ತಿಕೊಂಡ.

"ನಿಮಗ್ಯಾಕ್ರಿ ತ್ರಾಸು? ನನ್ನ ಮ್ಯಾಲ ಹಾಕ್ರಿ."

ನಾನು ಹಾಕಿದೆ. ಬೇಡ ಅನ್ನಲಿಲ್ಲ. ಅವನು ಗಟ್ಟಿಮುಟ್ಟಾದವನು, ನಾನು ನಲವತ್ತಾರರವನು. ಸರಿಯಾದ ಹಂಚಿಕೆ ಅಂತಲೇ ಅನ್ನಿಸಿತು. ಅವನ ಸ್ವಂತದ್ದು 11 ಕೆ.ಜಿ., ನನ್ನ ಡಬ್ಬ 3, ನೀರು 10. ಒಟ್ಟು 24. ಕ್ಯಾರಿಯರಿನ ಮೇಲೆ ಗರಿಷ್ಠ 25 ಕೆ.ಜಿ. ಎಂದು ಅಚ್ಚಾಗಿತ್ತು. ವಿಮಾನದ ಲೆಕ್ಕದಲ್ಲಿ ನೋಡಿದರೆ ನಾವು ಪಾಸು, ಒಂದು ಕೆ.ಜಿ. ಉಳಿದೇ ಇತ್ತು. ಎರಡೂ ಕ್ಯಾನುಗಳನ್ನು ಕ್ಯಾರಿಯರಿನ ಮೇಲೆ ನಿಲ್ಲಿಸಿ, ಡಬ್ಬವನ್ನು ಅದರ ಹಿಂದೆ ಇಟ್ಟು, ರಬ್ಬರ್ ಹಗ್ಗದಲ್ಲಿ ಸುತ್ತಿದೆವು.

ಏರಿನಲ್ಲಿ ಅವನ ಮುಂದಿನ ಚಕ್ರ ಆ ಕಡೆ ಈ ಕಡೆ ಅಲೆಯುತ್ತಿತ್ತು. ನಾನು ಹಿಂದಿನಿಂದ ನೋಡುತ್ತಲೇ ಇದ್ದೆ. ಸುಸ್ತಾಗಿರಬೇಕು ಅಂದುಕೊಂಡೆ. ಕುರಿಯಾತ್ ಇನ್ನೂ ದೂರ ಇರುವಾಗ ಒಂದು ಉದ್ದನೆಯ ಇಳಿಜಾರು ಸಿಕ್ಕಿತು. ಅವನು ಮುಂದೆ, ನಾನು ಐವತ್ತು ಮೀಟರ್ ಹಿಂದೆ. ವೇಗ ಏರಿತು. ಇದ್ದಕ್ಕಿದ್ದಂತೆ ಅವನ ಕೂಗು ಕೇಳಿಸಿತು.

"ಅಣ್ಣಾ! ಹ್ಯಾಂಡಲ್ ಥರಾಥರಾ ನಡುಗಾಕತ್ತೇತ್ರಿ!"

ನೋಡುತ್ತಿದ್ದಂತೆ ಅವನ ಸೈಕಲ್ ಹಾವಿನ ಹಾಗೆ ಓಲಾಡಿತು. ಮೇಲೆ ಕಟ್ಟಿದ ಕ್ಯಾನುಗಳು ಎಡಕ್ಕೆ ವಾಲಿದವು, ಬಲಕ್ಕೆ ವಾಲಿದವು. ಅವನು ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದ. ಬಿದ್ದ. ರಸ್ತೆಯ ಹೊರಗಿನ ಅಂಚಿಗೆ ಬಿದ್ದದ್ದು ದೇವರ ದಯೆ. ಅದೇ ಹೊತ್ತಿಗೆ ಪಕ್ಕದ ಲೇನಿನಲ್ಲಿ ಒಂದು ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತ ದಾಟಿ ಹೋಯಿತು. ಅದರ ಗಾಳಿ ನನ್ನ ಮುಖಕ್ಕೂ ಬಡಿಯಿತು.

ಹೆಲ್ಮೆಟ್ ಇತ್ತು, ಕೈಗವಸು ಇತ್ತು. ಮೊಣಕೈ ತರಚಿತ್ತು, ಬಲ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಬೆರಳು ಮಡಚಿಸಿ, ಬಿಡಿಸಿ, ಕೈ ತಿರುಗಿಸಿ ನೋಡಿದೆ. ಮೂಳೆಗೆ ಏನೂ ಆದ ಹಾಗೆ ಕಾಣಲಿಲ್ಲ. ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲೂ ಏನೂ ಇರಲಿಲ್ಲ. ಆದರೆ ಆ ರಸ್ತೆ ಬದಿಯಲ್ಲಿ ಕೂತು ನಾನು ಯೋಚಿಸಿದ್ದು ಒಂದೇ. ಈ ಕೈ ಮುರಿದಿದ್ದರೆ ಇವನು ಸ್ಕ್ರೂಡ್ರೈವರ್ ಹಿಡಿಯುವುದು ಹೇಗೆ? ಆರು ವಾರ ಪ್ಲಾಸ್ಟರ್ ಅಂದರೆ ಆರು ವಾರ ಓವರ್‌ಟೈಮ್ ಇಲ್ಲ. ಹಾವೇರಿಯಲ್ಲಿ ಆ ದುಡ್ಡಿಗೆ ಕಾಯುವವರು ಎಷ್ಟು ಜನ?

ನನ್ನ ಡಬ್ಬದ ಗಾಜಿನ ಬಾಟಲಿ ಒಡೆದಿತ್ತು. ಗಾಯಕ್ಕೆ ಹಾಕಬೇಕಾಗಿದ್ದ ಆ್ಯಂಟಿಸೆಪ್ಟಿಕ್ ಒಮಾನಿನ ಮಣ್ಣು ಕುಡಿದಿತ್ತು. ಕುಡಿಯುವ ನೀರಿನಲ್ಲೇ ಗಾಯ ತೊಳೆದು ಬ್ಯಾಂಡೇಜು ಸುತ್ತಿದೆ.

"ಏನೂ ಆಗಿಲ್ರಿ ಅಣ್ಣಾ. ನನ್ನ ತಪ್ಪ ಐತಿ, ಬ್ರೇಕ್ ಹಿಡೀಬಾರದಿತ್ತು."

ಅವನ ತಪ್ಪಲ್ಲ ಮಾರಾಯ. ತಪ್ಪು ಬೆಳಿಗ್ಗೆಯೇ ಆಗಿತ್ತು. ಅದನ್ನು ಮಾಡಿದವನು ನಾನು.

ನನಗೆ ಗೊತ್ತಿರಬೇಕಾಗಿದ್ದ ವಿಷಯ ಇದು. ಮಂಗಳೂರಿನಲ್ಲಿ ಫಾರ್ಮಸಿ ಡಿಪ್ಲೊಮಾ ಓದುವಾಗ ಲ್ಯಾಬಿನಲ್ಲಿ ನಮಗೆ ಮೊದಲು ಕೊಟ್ಟದ್ದು ಔಷಧಿಯಲ್ಲ, ಎರಡು ತಟ್ಟೆಯ ತಕ್ಕಡಿ. ಎರಡೂ ತಟ್ಟೆಗೆ ಒಂದೇ ಅಳತೆಯ ಕಾಗದ ಹಾಕು, ಮುಳ್ಳು ನಡುವೆ ನಿಲ್ಲುವವರೆಗೆ ಕಾಯಿ, ಆಮೇಲೆ ಬಟ್ಟು, ಆಮೇಲೆ ಪುಡಿ. ಪುಡಿಯನ್ನು ತಟ್ಟೆಯ ಅಂಚಿಗೆ ಸುರಿದರೆ ಮೇಷ್ಟ್ರು ಕೈ ಮೇಲೆ ಹೊಡೆಯುತ್ತಿದ್ದರು. "ಎಷ್ಟು ಹಾಕಿದೆ ಅಂತ ಆಮೇಲೆ ನೋಡುತ್ತೇನೆ, ಎಲ್ಲಿ ಹಾಕಿದೆ ಅಂತ ಮೊದಲು ನೋಡುತ್ತೇನೆ." ಎರಡು ವರ್ಷ ಇದನ್ನು ಕಲಿತವನು, ಅದರ ಮೇಲೆ ಐನೂರು ಗಂಟೆ ತರಬೇತಿ ಮುಗಿಸಿದವನು, ಒಂದು ಕ್ಯಾರಿಯರಿನ ಮೇಲೆ 24 ಕೆ.ಜಿ. ಕಟ್ಟಿ, ಮಿತಿಯೊಳಗೇ ಇದೆ ಅಂತ ನೆಮ್ಮದಿಯಾಗಿದ್ದೆ. ವಿಮಾನ ನಿಲ್ದಾಣದ ಕೌಂಟರ್ ನಮ್ಮನ್ನು ಕೇಳುವುದು ಎಷ್ಟು ಅಂತ ಮಾತ್ರ. ವಿಮಾನದ ಹೊಟ್ಟೆಯಲ್ಲಿ ಯಾವ ಸಾಮಾನು ಎಲ್ಲಿ ಕೂರಬೇಕು ಅನ್ನುವ ಲೆಕ್ಕವನ್ನು ಬೇರೆಯವರು ಹಾಕುತ್ತಾರೆ. ಸೈಕಲ್ಲಿನಲ್ಲಿ ಆ ಲೆಕ್ಕ ಹಾಕುವ ಬೇರೆಯವರು ಇಲ್ಲ, ನಾವೇ ಹಾಕಬೇಕು.

ನಿಧಾನವಾಗಿ, ಇಳಿಜಾರಿನಲ್ಲೆಲ್ಲ ಇಳಿದು ನಡೆದು, ಕತ್ತಲಾಗುವ ಹೊತ್ತಿಗೆ ಕುರಿಯಾತ್ ಸೇರಿದೆವು. ಕಡಲ ಬದಿಯಲ್ಲಿ ಟೆಂಟು ಹಾಕಿದೆವು. ಅನ್ನ ಬೇಯುತ್ತಿರುವಾಗ ಅವನ ಮನೆಯಿಂದ ಫೋನು ಬಂತು. ಅವನ ಅಣ್ಣ. ಕೇಳಬೇಕೆಂದು ಕೇಳಿದ್ದಲ್ಲ, ಎರಡು ಮಾರು ದೂರದಲ್ಲಿ ಕೂತಿದ್ದೆ. ಟ್ರ್ಯಾಕ್ಟರಿನ ಕಂತಂತೆ, ತಂಗಿಯ ಕಾಲೇಜಿನ ಫೀಜಂತೆ, ಈಗ ಮನೆಯ ಮಾಳಿಗೆ ಸೋರುತ್ತದಂತೆ. ಬಿದ್ದ ವಿಷಯ ಅವನು ಹೇಳಲೇ ಇಲ್ಲ. ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಫೋನು ಹಿಡಿದು, ಕೊನೆಗೆ ಒಂದು ಮಾತು ಹೇಳಿದ.

"ಆತಣ್ಣ, ಅದನ್ನೂ ನನ್ನ ಮ್ಯಾಲ ಹಾಕು. ನಾ ನೋಡಕೋತೀನಿ."

ಬೆಳಿಗ್ಗೆ ನನಗೆ ಹೇಳಿದ ಮಾತೇ ಅದು. ದನಿಯೂ ಅದೇ. ನಾನು ಅವನಿಗೆ ಏನೂ ಹೇಳಲಿಲ್ಲ. ಹೇಳಲು ನನಗೆ ಮುಖ ಇರಲಿಲ್ಲ. ರಾತ್ರಿಯೆಲ್ಲ ಅಲೆಯ ಸದ್ದು ಕೇಳುತ್ತ, ನಮ್ಮ ಹಳ್ಳಿಯ ಹಾಲಿನವರನ್ನು ನೆನೆಯುತ್ತ ಮಲಗಿದ್ದೆ.

ನಮ್ಮದು ಪುತ್ತೂರಿನ ಹತ್ತಿರದ ಹಳ್ಳಿ. ಹಾಲಿನವರು ಬರುತ್ತಿದ್ದುದು ಕಪ್ಪು ಸೈಕಲ್ಲಿನಲ್ಲಿ. ಕ್ಯಾರಿಯರಿನ ಎಡಕ್ಕೊಂದು ಕ್ಯಾನು, ಬಲಕ್ಕೊಂದು ಕ್ಯಾನು, ಎರಡೂ ಚಕ್ರದ ನಡುಮಟ್ಟಕ್ಕೆ ಇಳಿದು ನೇತಾಡುತ್ತಿದ್ದವು. ನಮ್ಮ ಮನೆಗೆ ಎಡಗಡೆಯ ಕ್ಯಾನಿನಿಂದ ಅಳೆದರೆ ಪಕ್ಕದ ಮನೆಗೆ ಬಲಗಡೆಯದರಿಂದ. ಒಂದು ದಿನ ಅಮ್ಮ ಕೇಳಿಯೇಬಿಟ್ಟರು, ಒಳ್ಳೆಯ ಹಾಲು ಯಾವ ಕ್ಯಾನಿನಲ್ಲಿದೆ ಅಂತ. ಅವರು ನಕ್ಕು, "ಎರಡೂ ಒಂದೇ ಅಕ್ಕಾ, ಒಂದೇ ಕಡೆಯಿಂದ ತೆಗೆದರೆ ಸೈಕಲು ನನ್ನನ್ನು ಚರಂಡಿಗೆ ಕೊಂಡುಹೋಗುತ್ತದೆ" ಅಂದಿದ್ದರು. ಅದಕ್ಕೂ ಹಿಂದಿನ ಕಾಲದಲ್ಲಿ ಘಟ್ಟ ಹತ್ತಿ ಇಳಿಯುತ್ತಿದ್ದ ಹೇರೆತ್ತುಗಳಿಗೂ ಇದೇ ನಿಯಮ. ಬೆನ್ನಿನ ಎರಡೂ ಕಡೆ ಸಮ ಇಲ್ಲದ ಹೇರು ಹೊರಿಸಿದರೆ ಎತ್ತಿನ ಬೆನ್ನು ಹುಣ್ಣಾಗುತ್ತದೆ. ಸೈಕಲ್ಲಿಗೆ ಹುಣ್ಣಾಗುವುದಿಲ್ಲ ಅಷ್ಟೇ, ಕಡ್ಡಿ ಮುರಿಯುತ್ತದೆ, ಇಲ್ಲವೇ ಮೇಲೆ ಕೂತವನ ಕೈ ಮುರಿಯುತ್ತದೆ.

ಬೆಳಿಗ್ಗೆ ಎದ್ದವನೇ ಬ್ಯಾಗಿನಿಂದ ಆ ಕೊಕ್ಕೆಯ ತಕ್ಕಡಿ ತೆಗೆದೆ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಅದೇ ತಕ್ಕಡಿ. ಯಾಕೋ ತಂದಿದ್ದೆ, ಆದರೆ ಅಲ್ಲಿಯವರೆಗೆ ಬಳಸಿರಲಿಲ್ಲ. ಇಬ್ಬರ ಸಾಮಾನನ್ನೂ ಒಂದೇ ಚಾಪೆಯ ಮೇಲೆ ಸುರಿದೆವು. ನಿನ್ನದು ನನ್ನದು ಅಂತ ಇಲ್ಲ.

ಮೊದಲು ಔಷಧಿ ಡಬ್ಬ. ಸಿರಪ್ಪು ಹೊರಗೆ. ಪೂರ್ತಿ ಪೆಟ್ಟಿಗೆಗಳು ಹೊರಗೆ. ಬೇಕಾದ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಕತ್ತರಿಸಿಕೊಂಡೆ. ಇದನ್ನು ಮಾಡುವಾಗ ಔಷಧಿಯ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ಕಡೆಯನ್ನು ಮಾತ್ರ ಕತ್ತರಿಸಿ ಎಸೆಯಬೇಡಿ, ಅದನ್ನೇ ಇಟ್ಟುಕೊಳ್ಳಿ. ಒಂದು ಲೀಟರ್ ನೀರಿಗೆ ಒಂದರಂತೆ ಕರಗಿಸುವ ಓ.ಆರ್.ಎಸ್. ಪೊಟ್ಟಣ ನಾಲ್ಕು, ಗಾಯಕ್ಕೆ ಟ್ಯೂಬಿನಲ್ಲಿರುವ ಮುಲಾಮು, ಬ್ಯಾಂಡೇಜು, ನೋವಿನ ಮಾತ್ರೆ. 3 ಕೆ.ಜಿ. ಹೋಗಿ 1 ಕೆ.ಜಿ. ಆಯಿತು. ಉಳಿದದ್ದನ್ನು ಕುರಿಯಾತಿನ ಒಬ್ಬ ಮಲಯಾಳಿ ಅಂಗಡಿಯವರಲ್ಲಿ ಇಟ್ಟು, ವಾಪಸ್ ಬರುವಾಗ ಪಿಕಪ್ಪಿನಲ್ಲಿ ತೆಗೆದುಕೊಂಡು ಹೋಗುತ್ತೇವೆ ಅಂದೆವು.

ಮತ್ತೆ ನೀರು ತುಂಬಿಸಿ ಎಲ್ಲ ತೂಗಿದಾಗ 36 ಕೆ.ಜಿ. ಅರ್ಧರ್ಧ ಹಂಚೋಣ ಅಂದ ಅವನು. ಬೇಡ ಅಂದೆ. ಹೊರುವ ಶಕ್ತಿ ಅವನಿಗೆ ಹೆಚ್ಚು, ಆದರೆ ಹೊರುವ ಜಾಗ ನನ್ನ ಸೈಕಲ್ಲಿಗೆ ಹೆಚ್ಚು. ನನಗೆ 22 ಕೆ.ಜಿ.: ಮುಂದಿನ ಎರಡು ಚೀಲದಲ್ಲಿ ನಾಲ್ಕೂವರೆಯಂತೆ 9, ಹಿಂದೆ 13. ಅವನಿಗೆ 14: ಹಿಂದಿನ ಎರಡು ಚೀಲದಲ್ಲಿ ಐದೂವರೆಯಂತೆ 11, ಉಳಿದ 3 ಕೆ.ಜಿ. ನೀರು ಒಂದೂವರೆ ಲೀಟರಿನ ಎರಡು ಬಾಟಲಿಯಲ್ಲಿ, ಅವನ ಕಾಲುಗಳ ನಡುವೆ, ಫ್ರೇಮಿನ ತ್ರಿಕೋನದೊಳಗೆ. ಕ್ಯಾರಿಯರಿನ ಮೇಲೆ ಏನೂ ಇಲ್ಲ.

ಅವತ್ತು ಫಿನ್ಸ್ ಕಡೆಗಿನ ಇಳಿಜಾರುಗಳಲ್ಲಿ ನಾನು ಅವನ ಹಿಂದೆಯೇ ಇದ್ದೆ, ಕಣ್ಣು ಅವನ ಹ್ಯಾಂಡಲ್ ಮೇಲೆ. ಒಂದು ಸಲವೂ ನಡುಗಲಿಲ್ಲ. ಮೂರನೇ ದಿನ ಸಂಜೆ ಸೂರ್ ಸೇರಿದೆವು. ಹಾಯಿಹಡಗು ಕಟ್ಟುವ ಜಾಗದಲ್ಲಿ ನಿಂತು, ಒಂದು ಕಾಲದಲ್ಲಿ ಮಲಬಾರಿನ ತೇಗ ಇಲ್ಲಿಗೆ ಬಂದು ಹಡಗಾಗುತ್ತಿತ್ತು ಎಂದು ಅವನಿಗೆ ಹೇಳಿದೆ. ಹಡಗಿನಲ್ಲೂ ಭಾರದ್ದು ತಳದಲ್ಲೇ ಇರಬೇಕು. ಖಾಲಿ ಹಡಗಿಗೂ ತಳಕ್ಕೆ ಕಲ್ಲು ಮರಳು ತುಂಬುತ್ತಿದ್ದರು, ಮಗುಚಬಾರದೆಂದು. ಅವನು ತನ್ನ ಸೈಕಲ್ ನೋಡಿಕೊಂಡು ತಲೆಯಾಡಿಸಿದ.

ಮನೆಗೆ ಬಂದ ಮೇಲೆ ಒಂದು ಪರೀಕ್ಷೆ ಮಾಡಿದೆ. ನೀವೂ ಮಾಡಬಹುದು, ಬೇಕಾದದ್ದು ಮನುಷ್ಯರ ತೂಕ ನೋಡುವ ಒಂದು ಯಂತ್ರ ಮತ್ತು ಅದೇ ದಪ್ಪದ ಒಂದು ಹಲಗೆ. ಒಂದು ಚಕ್ರ ಯಂತ್ರದ ಮೇಲೆ, ಇನ್ನೊಂದು ಹಲಗೆಯ ಮೇಲೆ. ನೀವು ಸೀಟಿನ ಮೇಲೆ ಕೂತು ಎರಡೂ ಕೈ ಹ್ಯಾಂಡಲ್ ಮೇಲಿಡಿ, ಸೈಕಲ್ ವಾಲದ ಹಾಗೆ ಒಬ್ಬರು ಮೆತ್ತಗೆ ಹಿಡಿದುಕೊಳ್ಳಲಿ, ಇನ್ನೊಬ್ಬರು ಅಂಕಿ ಓದಲಿ. ಆಮೇಲೆ ಚಕ್ರ ಅದಲುಬದಲು. ನನ್ನ ತೂಕ 72, ಸೈಕಲ್ 16, ಒಟ್ಟು 88 ಕೆ.ಜಿ. ಸಾಮಾನಿಲ್ಲದೆ ಮುಂದಿನ ಚಕ್ರದ ಮೇಲೆ 38, ಹಿಂದಿನದರ ಮೇಲೆ 50. ಅಂದರೆ ಖಾಲಿ ಇರುವಾಗಲೇ ಹಿಂದಿನ ಚಕ್ರಕ್ಕೆ ಶೇ. 57 ಭಾರ.

ಈಗ 22 ಕೆ.ಜಿ. ಸಾಮಾನನ್ನೆಲ್ಲ ಹಿಂದೆ ಕಟ್ಟಿ ನೋಡಿದೆ. ಮುಂದೆ 36, ಹಿಂದೆ 74. ಗಮನಿಸಿ, ಸೈಕಲ್ಲಿಗೆ 22 ಕೆ.ಜಿ. ಸೇರಿಸಿದರೂ ಮುಂದಿನ ಚಕ್ರದ ಮೇಲಿನ ತೂಕ 2 ಕೆ.ಜಿ. ಕಡಿಮೆಯಾಯಿತು! ಕಾರಣ, ಕ್ಯಾರಿಯರಿನ ಹೇರು ಹಿಂದಿನ ಅಚ್ಚಿಗಿಂತ ಹಿಂದೆ ಕೂತಿರುತ್ತದೆ. ಏತದ ಹಾಗೆ, ಈ ತುದಿ ಒತ್ತಿದರೆ ಆ ತುದಿ ಏಳುತ್ತದೆ. ಹಿಂದಿನ ಚಕ್ರಕ್ಕೆ ಶೇ. 67. ಅದೇ 22 ಕೆ.ಜಿ.ಯನ್ನು ಮುಂದೆ 9, ಹಿಂದೆ 13 ಮಾಡಿದಾಗ ಮುಂದೆ 46, ಹಿಂದೆ 64. ಹಿಂದಕ್ಕೆ ಶೇ. 58, ಅಂದರೆ ಸಾಮಾನಿಲ್ಲದಾಗ ಇದ್ದಷ್ಟೇ. ಒಟ್ಟು ತೂಕ ಎರಡು ಸಲವೂ 110. ಒಂದು ಗ್ರಾಂ ಕೂಡ ಬದಲಾಗಲಿಲ್ಲ, ಸೈಕಲ್ಲಿನ ಗುಣ ಮಾತ್ರ ಪೂರ್ತಿ ಬದಲಾಯಿತು.

ಮುಂದಿನ ಚಕ್ರ ಹಗುರವಾದರೆ ಏರಿನಲ್ಲಿ ಅದು ದಾರಿ ಹಿಡಿಯದೆ ಅಲೆಯುತ್ತದೆ. ಇಳಿಜಾರಿನಲ್ಲಿ ಹಿಂದಿನ ಹೇರು ಉಯ್ಯಾಲೆ ಆಡುತ್ತದೆ. ಕ್ಯಾರಿಯರ್ ಸ್ವಲ್ಪ ಬಾಗುತ್ತದೆ, ಫ್ರೇಮು ಸ್ವಲ್ಪ ತಿರುಚುತ್ತದೆ, ಆ ತೂಗಾಟ ಹ್ಯಾಂಡಲ್ಲಿಗೆ ಬರುತ್ತದೆ. ಒಂದು ವೇಗದಲ್ಲಿ ಉಯ್ಯಾಲೆಗೆ ತಾಳಕ್ಕೆ ಸರಿಯಾಗಿ ತಳ್ಳಿದ ಹಾಗೆ ಅದು ತಾನೇ ಜೋರಾಗುತ್ತ ಹೋಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಆ ತಮ್ಮನಿಗೆ ಆದದ್ದು ಇದೇ.

ಹಾಗಾಗಿ ಈ ವರ್ಷದ ನನ್ನ ಚೀಟಿ ಇದು. ಊಟಕ್ಕೆ ಮೊದಲೋ ಆಮೇಲೋ ಅನ್ನುವ ಪ್ರಶ್ನೆ ಇಲ್ಲ, ಸೈಕಲ್ ಹತ್ತುವ ಮೊದಲು.

ಒಂದು, ಭಾರದ್ದು ಕೆಳಗೆ. ನೀರು, ಹತ್ಯಾರ, ಸ್ಟೌ, ಅಕ್ಕಿ ಇವೆಲ್ಲ ಚೀಲದ ತಳಕ್ಕೆ, ಆದಷ್ಟು ಚಕ್ರದ ಅಚ್ಚಿನ ಹತ್ತಿರಕ್ಕೆ. ಹಾಸಿಗೆ, ಟೆಂಟಿನಂಥ ಉಬ್ಬಿದ ಹಗುರ ಸಾಮಾನು ಮಾತ್ರ ಕ್ಯಾರಿಯರಿನ ಮೇಲೆ.

ಎರಡು, ಎಡ ಬಲ ಸಮ. ಎರಡು ಚೀಲದ ನಡುವೆ ಅರ್ಧ ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಕಣ್ಣಂದಾಜು ನಂಬಬೇಡಿ, ಕೊಕ್ಕೆಗೆ ಹಾಕಿ ತೂಗಿ. ದಾರಿಯಲ್ಲಿ ನೀರು ಕುಡಿಯುವಾಗ ನಮ್ಮ ಹಾಲಿನವರನ್ನು ನೆನೆಯಿರಿ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ.

ಮೂರು, ಮುಂದೆಯೂ ಸ್ವಲ್ಪ. ನಾಲ್ಕು ಚೀಲ ಇದ್ದರೆ ಹತ್ತರಲ್ಲಿ ನಾಲ್ಕು ಪಾಲು ಮುಂದೆ, ಆರು ಪಾಲು ಹಿಂದೆ ಎಂಬುದು ಒಳ್ಳೆಯ ಆರಂಭ. ಮುಂದೆ ಚೀಲ ಕಟ್ಟಲು ಜಾಗವೇ ಇಲ್ಲದಿದ್ದರೆ ಫ್ರೇಮಿನ ತ್ರಿಕೋನ ಬಳಸಿ, ಒಟ್ಟು ಸಾಮಾನು ಕಡಿಮೆ ಮಾಡಿ. ಹ್ಯಾಂಡಲಿನ ಮೇಲೆ ಪಾಸ್‌ಪೋರ್ಟ್, ಫೋನು, ಬಿಸ್ಕತ್ತಿನಷ್ಟು ಮಾತ್ರ.

ನಾಲ್ಕು, ಬಿಗಿ. ರಬ್ಬರ್ ಹಗ್ಗ, ಹಳೇ ಟ್ಯೂಬು ಇವೆಲ್ಲ ಹಿಗ್ಗುತ್ತವೆ. ಹಾಸಿಗೆ ಕಟ್ಟಲು ಸಾಕು, ನೀರಿನ ಕ್ಯಾನಿಗೆ ಸಾಲದು. ಬಕಲ್ ಇರುವ ಪಟ್ಟಿ ಬಳಸಿ. ಕ್ಯಾರಿಯರಿನ ಬೋಲ್ಟುಗಳನ್ನು ದಿನಾ ಬೆಳಿಗ್ಗೆ ಕೈಯಾಡಿಸಿ ನೋಡಿ. ಅರ್ಧ ತುಂಬಿದ ದೊಡ್ಡ ಕ್ಯಾನಿನಲ್ಲಿ ನೀರು ಕುಲುಕುತ್ತದೆ, ಅದರ ಬದಲು ಸಣ್ಣ ಬಾಟಲಿಗಳು ಮೇಲು. ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗುತ್ತದೆಯೇ ಎಂದೂ ನೋಡಿಕೊಳ್ಳಿ.

ಐದು, ಗಾಳಿ. ಹೇರು ಹಾಕಿದ ಮೇಲೆ ಟೈರಿಗೆ ಖಾಲಿ ಸೈಕಲ್ಲಿಗಿಂತ ಹೆಚ್ಚು ಗಾಳಿ ಬೇಕು, ಹಿಂದಿನದಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಮಿತಿ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಆರು, ಹೇರು ಕಟ್ಟಿದ ಮೇಲೆ ಖಾಲಿ ಜಾಗದಲ್ಲಿ ಒಂದು ಸುತ್ತು ಹೊಡೆಯಿರಿ. ಬ್ರೇಕ್ ಹಿಡಿದು ನೋಡಿ, ತಿರುಗಿಸಿ ನೋಡಿ. ಮೊದಲ ಪರೀಕ್ಷೆ ಇಳಿಜಾರಿನಲ್ಲಿ ಆಗಬಾರದು.

ಇಷ್ಟಾದರೂ ಎಂದಾದರೂ ಹ್ಯಾಂಡಲ್ ನಡುಗತೊಡಗಿದರೆ ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿಯಬೇಡಿ. ಹ್ಯಾಂಡಲನ್ನು ಕಲ್ಲಿನ ಹಾಗೆ ಬಿಗಿ ಹಿಡಿಯಬೇಡಿ. ಒಂದು ಮೊಣಕಾಲನ್ನು ಸೈಕಲ್ಲಿನ ಬಾರಿಗೆ ಒತ್ತಿ, ಸೀಟಿನ ಮೇಲಿನ ಭಾರ ಸ್ವಲ್ಪ ಹಗುರ ಮಾಡಿ, ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ವೇಗ ಇಳಿಸಿ. ನಿಂತ ಮೇಲೆ ಹಾಗೆಯೇ ಮುಂದೆ ಹೋಗಬೇಡಿ. ಹೇರು ಬಿಚ್ಚಿ, ಮತ್ತೆ ಕಟ್ಟಿ.

"ನಾವೆಲ್ಲಿ ಸೂರ್‌ಗೆ ಸೈಕಲ್ಲಿನಲ್ಲಿ ಹೋಗುತ್ತೇವೆ ಸಾರ್" ಅನ್ನುವವರಿಗೂ ಒಂದು ಮಾತು. ರೂಮಿನಿಂದ ಸೈಟಿಗೆ, ಸೈಟಿನಿಂದ ಅಂಗಡಿಗೆ ಸೈಕಲ್ಲಿನಲ್ಲಿ ಓಡಾಡುವವರು ನಮ್ಮಲ್ಲಿ ಎಷ್ಟೋ ಜನ. ರಜೆಯ ದಿನ ಸಂಜೆ ನೋಡುತ್ತೇನೆ, ಕ್ಯಾರಿಯರಿನ ಮೇಲೆ ಹತ್ತು ಕೆ.ಜಿ. ಅಕ್ಕಿ, ಹ್ಯಾಂಡಲಿನ ಒಂದೇ ಬದಿಗೆ ನೇತುಹಾಕಿದ ಐದು ಲೀಟರ್ ನೀರು, ಅದರ ಮೇಲೆ ತರಕಾರಿ ಚೀಲ. ತಿರುವಿನಲ್ಲಿ ಆ ಚೀಲ ಒಳಗೆ ಬಂದು ಚಕ್ರದ ಕಡ್ಡಿಗೆ ಸಿಕ್ಕರೆ ಮುಂದಿನ ಚಕ್ರ ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಹ್ಯಾಂಡಲಿಗೆ ಏನನ್ನೂ ನೇತುಹಾಕಬೇಡಿ. ಗಟ್ಟಿಯಾದ ಎರಡು ಚೀಲಗಳನ್ನು ಕ್ಯಾರಿಯರಿನ ಎರಡೂ ಬದಿಗೆ ಭದ್ರವಾಗಿ ಕಟ್ಟಿ, ಅಕ್ಕಿಯನ್ನೂ ನೀರನ್ನೂ ಎರಡು ಪಾಲು ಮಾಡಿ ಹಾಕಿ. ಅಷ್ಟು ಸಾಕು.

ಆ ತಮ್ಮನ ವಿಷಯ ಹೇಳಿ ಮುಗಿಸುತ್ತೇನೆ. ಕೈ ಎರಡು ವಾರದಲ್ಲಿ ಸರಿಹೋಯಿತು. ಅದಾಗಿ ಒಂದು ತಿಂಗಳಿಗೆ ಕೌಂಟರಿಗೆ ಬಂದ, ಮುಲಾಮು ಬೇಕಿತ್ತು. ಮುಲಾಮು ತೆಗೆದುಕೊಂಡ ಮೇಲೂ ಹೋಗದೆ ನಿಂತಿದ್ದ. ಕೊನೆಗೆ, ಟ್ರ್ಯಾಕ್ಟರಿನ ಕಂತು ಇನ್ನು ಮುಂದೆ ಅಣ್ಣನೇ ಕಟ್ಟುತ್ತಾನೆ ಎಂದು ಹೇಳಿದ. ಟ್ರ್ಯಾಕ್ಟರ್ ಬಾಡಿಗೆಗೆ ಓಡುತ್ತದೆ, ದುಡಿಮೆ ಇದೆ. ತಂಗಿಯ ಫೀಜು, ಮಾಳಿಗೆ ಇವನ ಪಾಲಿಗೆ.

"ಅಣ್ಣ ಸಿಟ್ಟಾದ್ನಾ?"

"ಇಲ್ರಿ. ನೀ ಎಂದೂ ಆಗೂದಿಲ್ಲ ಅಂದಿದ್ದಿಲ್ಲ, ಅದಕ್ಕ ನಾ ಕೇಳಕೋತ ಹೋದೆ ಅಂದ."

ನನಗೆ ಮಾತು ಬರಲಿಲ್ಲ. ಸೂರ್‌ಗೆ ಹೊರಟ ಬೆಳಿಗ್ಗೆ ನಾನು ಮಾಡಿದ್ದೂ ಅದೇ. ಅವನು ಕೊಡು ಅಂದ, ನಾನು ಕೊಟ್ಟೆ. ಬೇಡ ಅನ್ನುವವರೆಗೆ ಹೇರುವುದು ನಮ್ಮೆಲ್ಲರ ಅಭ್ಯಾಸ. ಹೊರುವವನ ಮುಂದಿನ ಚಕ್ರ ನೆಲ ಬಿಡುತ್ತಿದೆಯೇ ಎಂದು ಹೇರುವವರು ನೋಡಬೇಕು. ಗಲ್ಫಿನಲ್ಲಿರುವ ನಾವು ಕೆಲವೊಮ್ಮೆ ಹೊರುವವರು, ಕೆಲವೊಮ್ಮೆ ಹೇರುವವರು.

ಈಗ ಮತ್ತೆ ರಜೆ ಬರುತ್ತಿದೆ. ಈ ಸಲ ನಿಜ್ವಾ ಕಡೆಗೆ ಹೋಗೋಣ ಎಂದುಕೊಂಡಿದ್ದೇವೆ. ಮೊನ್ನೆ ಅವನು ಫೋನು ಮಾಡಿ ಮೊದಲು ಕೇಳಿದ್ದು ದಾರಿಯ ವಿಷಯ ಅಲ್ಲ.

"ಅಣ್ಣಾ, ತಕ್ಕಡಿ ತರ್ರಿ. ಮೊದಲ ನಿಮ್ಮ ಚೀಲ ತೂಗೂನು, ಆಮ್ಯಾಲ ನಂದು."